ರಾಜನನ್ನ ಗೆಲ್ಲಿಸಿದ ತಪ್ಪು ಅನುವಾದ
ಮೊನ್ನೆ ವೈಕಿಂಗರ ‘ಹ್ನೆಫಟಾಫ್ಲ್’ ವಂಶದ ‘ಟಾಬ್ಲುಟ್’ ಆಟ ಕಲಿಯೋಕೆ ಕೂತೆ. ನಡುವೆ ರಾಜ, ಜೊತೆಗೆ 8 ಕಾವಲುಗಾರರು, ಸುತ್ತ 16 ಶತ್ರುಗಳು. ರಾಜ ಅಂಚು ಮುಟ್ಟಿದರೆ ಗೆದ್ದ, ಸಿಕ್ಕಿಬಿದ್ದರೆ ಸೋತ. ಶತ್ರುಪಡೆ ಆಡಿಸಿದ ನಾನು ಸೋತಿದ್ದೇ ಸೋತಿದ್ದು!

ಕಾರಣ ಇತಿಹಾಸದಲ್ಲಿತ್ತು. ವೈಕಿಂಗರು ಬರೆದಿಟ್ಟ ನಿಯಮಗಳು ನಮಗೆ ಸಿಕ್ಕಿಲ್ಲ. ಚೆಸ್ ಬಂದ ಮೇಲೆ ಈ ಆಟಗಳು ಮೂಲೆ ಸೇರಿದವು. 1732ರಲ್ಲಿ ಲ್ಯಾಪ್‌ಲ್ಯಾಂಡ್ ಸುತ್ತುತ್ತಿದ್ದ 25ರ ಹುಡುಗ ಕಾರ್ಲ್ ಲಿನೇಯಸ್, ಸಾಮಿ ಜನ ಟಾಬ್ಲುಟ್ ಆಡೋದು ನೋಡಿ ಡೈರಿಯಲ್ಲಿ ಬರೆದಿಟ್ಟ. ಆದ್ರೆ 1811ರ ಇಂಗ್ಲಿಷ್ ಅನುವಾದ ಎಡವಿತು: ರಾಜನನ್ನ ಎಲ್ಲೇ ಆದ್ರೂ ನಾಲ್ಕೂ ಕಡೆ ಸುತ್ತಬೇಕು ಅಂದುಬಿಟ್ಟಿತು. ಮೂಲದಲ್ಲಿ ಅದು ಸಿಂಹಾಸನದ ಮೇಲಿದ್ದಾಗ ಮಾತ್ರ. ದೂರ ಬಂದರೆ ಎರಡೇ ಕಡೆ ಸಾಕು.

ಮೂಲ ನಿಯಮ ಹಿಡಿದು ಮತ್ತೆ ಆಡಿದೆ. ರಾಜ ಸಿಕ್ಕಿಬಿದ್ದ. ಆ ಡೈರಿ ಇಲ್ಲದಿದ್ದರೆ ತಪ್ಪು ಯಾವುದು ಅಂತಾನೇ ಗೊತ್ತಾಗ್ತಿರಲಿಲ್ಲ. ನಿಮ್ಮ ಅಜ್ಜಿ ಆಡುವ ಆಟ ಬರೆದಿಟ್ಟಿದ್ದೀರಾ?