ಕಾರ್‌ಬ್ರಿಜ್‌ನ ಕಲ್ಲುಗಳು

ಕ್ರಿ. ಶ. 1201ರಲ್ಲಿ ಇಂಗ್ಲೆಂಡಿನ ಜಾನ್ ದೊರೆಯು ತನ್ನ ರಾಜ್ಯದ ಉತ್ತರದಲ್ಲಿದ್ದ ಒಂದು ಹೊಳೆದಂಡೆಯ ಊರಿನಲ್ಲಿ, ನಿಧಿಯಿದೆಯೆಂದು ನಂಬಿ ನೆಲವನ್ನು ಅಗೆಯಿಸಿದನು. ಹೊನ್ನು ಸಿಕ್ಕಲಿಲ್ಲ. ತಾಮ್ರ, ಕಬ್ಬಿಣ, ಸೀಸಗಳ ಗುರುತುಳ್ಳ ಕಲ್ಲುಗಳು ಮಾತ್ರ ಸಿಕ್ಕಿದುವೆಂದು ಆ ಕಾಲದ ಚರಿತ್ರಕಾರನು ಬರೆದಿಟ್ಟಿದ್ದಾನೆ. ಆ ಗುರುತುಗಳು ಏನೆಂದು ವಿಚಾರಿಸುವ ವ್ಯವಧಾನ ದೊರೆಗೆ ಇದ್ದಂತೆ ತೋರದು.

ಊರಿನ ಹೆಸರು ಕಾರ್‌ಬ್ರಿಜ್. ನಾರ್ತಂಬರ್‌ಲೆಂಡ್ ಸೀಮೆಯಲ್ಲಿ ಟೈನ್ ನದಿಯ ಉತ್ತರ ದಡದಲ್ಲಿದೆ. ಹೆಸರಿನ ಉತ್ತರಪದವೇ ಸೇತುವೆ! ಯಾರ್ಕ್ ನಗರದಿಂದ ಸ್ಕಾಟ್ಲೆಂಡಿನ ಕಡೆಗೆ ರೋಮನರು ಹಾಕಿದ್ದ ಹೆದ್ದಾರಿ ಇಲ್ಲಿಯೇ ಹೊಳೆಯನ್ನು ದಾಟುತ್ತಿತ್ತು. ಉತ್ತರಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಚಕ್ರವರ್ತಿ ಹೇಡ್ರಿಯನ್ನನು 122ರಲ್ಲಿ ಕಟ್ಟಲಾರಂಭಿಸಿದ ಗಡಿಗೋಡೆ. ಮೊದಲು ಸೈನಿಕರ ಕೋಟೆ, ಆಮೇಲೆ ಪೇಟೆ. ಹೀಗೆ ಊರು ಬೆಳೆಯಿತು. ಕೆಳಗೆ ಗಾಳಿಯಾಡಲೆಂದು ನೆಲವನ್ನು ಎತ್ತರಿಸಿ ಕಟ್ಟಿದ ಎರಡು ಕಣಜಗಳ ತಳಪಾಯವನ್ನು ಇಂದಿಗೂ ನೋಡಬಹುದು.

ದೊರೆಯು ಕಡೆಗಣಿಸಿದ ಗುರುತುಗಳಿಗೆ ಬರೋಣ. ರೋಮನರು ದೊಡ್ಡ ಕಟ್ಟಡಗಳಲ್ಲಿ ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಸಂದಿಗೆ ಕರಗಿಸಿದ ಸೀಸವನ್ನು ಹೊಯ್ಯುತ್ತಿದ್ದರು. ಜಾನ್ ಕಂಡದ್ದು ಬಹುಶಃ ಈ ಬೆಸುಗೆಯ ಕಲೆಯನ್ನೇ. ಊರಿನವರು ದೊರೆಗಿಂತ ಜಾಣರು. ಅವರು ಕಲ್ಲನ್ನು ಕಲ್ಲಾಗಿಯೇ ಬಳಸಿಕೊಂಡರು. ಸಂತ ಆಂಡ್ರೂ ದೇವಾಲಯದ ಗೋಪುರದೊಳಗೆ ರೋಮನ್ ಬಾಗಿಲೊಂದರ ಕಮಾನು ಹಾಗೆಯೇ ನಿಂತಿದೆ. ಪಕ್ಕದ ಹೆಕ್ಸಮ್ ಊರಿನಲ್ಲಿ ಏಳನೆಯ ಶತಮಾನದ ಮಠದ ನೆಲಮಾಳಿಗೆಯನ್ನು ಕಟ್ಟಿರುವುದೂ ಈ ಹಾಳೂರಿನ ಕಲ್ಲುಗಳಿಂದಲೇ.

ಹೊನ್ನು ಇರಲೇ ಇಲ್ಲವೆಂದಲ್ಲ. 1735ರಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ ಹೊಳೆಯ ದಡದಲ್ಲಿ ದೇವತೆಗಳ ಚಿತ್ರವುಳ್ಳ ಬೆಳ್ಳಿಯ ಹರಿವಾಣ ಸಿಕ್ಕಿತು. ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1911ರಲ್ಲಿ ಕಂಚಿನ ಹೂಜಿಯೊಂದರಲ್ಲಿ 160 ಚಿನ್ನದ ನಾಣ್ಯಗಳು ದೊರೆತುವು. ಪಾಪ, ಜಾನ್ ದೊರೆ! ಇಲ್ಲಿ 1906ರಲ್ಲಿ ಉತ್ಖನನಕ್ಕೆ ಕೈಹಾಕಿದವನು ಲಿಯೊನಾರ್ಡ್ ವೂಲಿ. ಮುಂದೆ ಉರ್ ನಗರವನ್ನು ಅಗೆದು ಪ್ರಖ್ಯಾತನಾದ ಈತನೇ ನಮ್ಮ ದೇಶದ ಪುರಾತತ್ತ್ವ ಇಲಾಖೆಯ ಕೆಲಸವನ್ನು ಪರಿಶೀಲಿಸಿ 1939ರಲ್ಲಿ ವರದಿ ಕೊಟ್ಟವನು.

ಇನ್ನು ಊರಿನ ಈಗಿನ ಸೇತುವೆ. ಏಳು ಕಮಾನುಗಳ ಈ ಕಲ್ಲುಸೇತುವೆಯನ್ನು 1674ರಲ್ಲಿ ಕಟ್ಟಿದರು. 1771ರ ನವೆಂಬರಿನಲ್ಲಿ ಟೈನ್ ನದಿಗೆ ಮಹಾಪೂರ ಬಂದಿತು. ನ್ಯೂಕ್ಯಾಸಲ್ ನಗರದಲ್ಲಿ ಅಂಗಡಿ ಮನೆಗಳನ್ನು ಹೊತ್ತಿದ್ದ ಹಳೆಯ ಸೇತುವೆ ಕುಸಿಯಿತು. ಹೆಕ್ಸಮ್‌ನ ಹೊಸ ಸೇತುವೆ ಕೊಚ್ಚಿಹೋಯಿತು. ಟೈನ್ ನದಿಯ ಮೇಲೆ ಉಳಿದದ್ದು ಕಾರ್‌ಬ್ರಿಜ್ ಸೇತುವೆಯೊಂದೇ. ಅದರ ಕೈಪಿಡಿಗೋಡೆಯ ಮೇಲಿಂದ ಬಾಗಿದರೆ ಪ್ರವಾಹದಲ್ಲಿ ಕೈ ತೊಳೆಯಬಹುದಾಗಿತ್ತೆಂದು ಜನ ಹೇಳುತ್ತಾರೆ.

ಹೆಕ್ಸಮ್‌ನಲ್ಲಿ ಮತ್ತೆ ಸೇತುವೆ ಕಟ್ಟಲು ಬಂದವನು ಸಾಮಾನ್ಯನಲ್ಲ, ಜಾನ್ ಸ್ಮೀಟನ್. ಕಡಲ ನಡುವಣ ಎಡ್ಡಿಸ್ಟನ್ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿದ್ದ ಮಹಾ ಇಂಜಿನಿಯರ್. ಅವನ ಸೇತುವೆ 1780ರಲ್ಲಿ ಮುಗಿಯಿತು. 1782ರಲ್ಲಿ ಪ್ರವಾಹಕ್ಕೆ ಬಿದ್ದಿತು. ಕಮಾನಿನಲ್ಲಿ ದೋಷವಿರಲಿಲ್ಲ. ಕಂಬಗಳು ನಿಂತಿದ್ದ ಜಲ್ಲಿಯ ತಳವನ್ನು ನೀರು ಕೊರೆದುಹಾಕಿತು. ಕಡಲಿನಲ್ಲಿ ಗೆದ್ದವನು ಹೊಳೆಯಲ್ಲಿ ಸೋತನು. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ನೋವು ಇದ್ದಿರಲಾರದೆಂದು ನನಗೆ ತೋರುತ್ತದೆ. ರಾಬರ್ಟ್ ಮೈಲ್ನ್ 1793ರಲ್ಲಿ ಮರಳಿ ಕಟ್ಟಿಸಿದ ಸೇತುವೆಯೇ ಈಗ ಅಲ್ಲಿರುವುದು.

ರೋಮನರ ಸೇತುವೆಯಾದರೂ ಉಳಿಯಿತೆ? ಇಲ್ಲ. ಈಗಿನ ಸೇತುವೆಯಿಂದ ಹೊಳೆಯ ಮೇಲ್ಗಡೆಗೆ ಸ್ವಲ್ಪ ದೂರದಲ್ಲಿ ಅದರ ಅವಶೇಷವಿತ್ತು. ದಡ ಕೊರೆದು ಅದೂ ಹೋಗುವಂತಾದಾಗ, 2004ರಲ್ಲಿ ತಜ್ಞರೂ ಊರಿನ ಉತ್ಸಾಹಿಗಳೂ ಸೇರಿ ಅಗೆದು ನೋಡಿದರು. ದಕ್ಷಿಣ ದಡದಿಂದ ಸೇತುವೆಗೆ ಹತ್ತುವ ಇಳಿಜಾರಿನ ರಸ್ತೆಗೆ ಆಸರೆಯಾಗಿದ್ದ ಭಾರಿ ಗೋಡೆ ಕಂಡಿತು. ಅದರ ಕಲ್ಲುಗಳನ್ನು ಎತ್ತಿ ತಂದು ದಡದ ಮೇಲೆ ಮತ್ತೆ ಜೋಡಿಸಿದ್ದಾರೆ. ಎತ್ತುವ ಯಂತ್ರದ ಹಿಡಿ ಸಿಕ್ಕಿಸಲೆಂದು ರೋಮನ್ ಕಲ್ಲುಕುಟಿಗರು ಕಡಿದ ಗುಣಿ ಆ ಕಲ್ಲುಗಳ ನೆತ್ತಿಯ ಮೇಲೆ ಇನ್ನೂ ಇದೆ.