ಗೋಮತಿಯ ಸೇತುವೆ ಮತ್ತು ಬನಾರಸೀದಾಸರ ಕಾವ್ಯ

ಸ್ಮಾರಕಗಳ ಚರಿತ್ರೆಯನ್ನು ಕಟ್ಟಿಸಿದವರ ಹೆಸರಿನಿಂದ ಬರೆಯುವುದು ರೂಢಿ. ಅವುಗಳನ್ನು ಬಳಸಿದ ಜನರ ಬದುಕು ದಾಖಲಾಗಿರುವುದು ವಿರಳ. ಉತ್ತರಪ್ರದೇಶದ ಜೌನ್‌ಪುರದಲ್ಲಿರುವ ಶಾಹಿ ಸೇತುವೆ ಇಂತಹ ವಿರಳ ನಿದರ್ಶನಗಳಲ್ಲೊಂದು.

ಅಕ್ಬರನ ಆಳ್ವಿಕೆಯಲ್ಲಿ, 1560ರ ದಶಕದಲ್ಲಿ, ಖಾನ್-ಇ-ಖಾನಾನ್ ಮುನೀಮ್ ಖಾನನು ಗೋಮತೀ ನದಿಗೆ ಅಡ್ಡಲಾಗಿ ಈ ಕಲ್ಲಿನ ಸೇತುವೆಯನ್ನು ಕಟ್ಟಿಸಿದನು. 1934ರ ಬಿಹಾರ-ನೇಪಾಳ ಭೂಕಂಪದಲ್ಲಿ ತೀವ್ರವಾಗಿ ಹಾನಿಗೊಂಡ ಇದರ 15 ಕಮಾನುಗಳಲ್ಲಿ 7ನ್ನು ಮತ್ತೆ ಕಟ್ಟಬೇಕಾಯಿತು. ಸೇತುವೆ ಇಂದಿಗೂ ಬಳಕೆಯಲ್ಲಿದೆ.

ಜೈನ ಕವಿ ಬನಾರಸೀದಾಸರು ಜನಿಸಿದ್ದು ಇದೇ ಜೌನ್‌ಪುರದಲ್ಲಿ, 1586ರಲ್ಲಿ. ವ್ಯಾಪಾರಿ ಮನೆತನದ ಈ ತರುಣ ಹದಿಹರೆಯದಲ್ಲೇ ನವರಸಗಳನ್ನು ಕುರಿತು ಸುಮಾರು ಸಾವಿರ ಪದ್ಯಗಳ ಕೃತಿಯೊಂದನ್ನು ರಚಿಸಿದ್ದರು. ಅದರಲ್ಲಿ ಶೃಂಗಾರಕ್ಕೇ ಪ್ರಾಧಾನ್ಯ. 1605ರಲ್ಲಿ ಅಕ್ಬರನ ನಿಧನವಾರ್ತೆಯಿಂದ ನಗರವು ತಲ್ಲಣಗೊಂಡು ಶಾಂತವಾದ ಬಳಿಕ, ಒಂದು ದಿನ ಅವರು ಗೆಳೆಯರೊಡನೆ ಸೇತುವೆಯ ಮೇಲೆ ಕುಳಿತು ಆ ಕೃತಿಯನ್ನು ಓದುತ್ತಿದ್ದರು. ಓದುತ್ತಿರುವಾಗಲೇ ಮನಸ್ಸು ತಿರುಗಿತು, ಹಸ್ತಪ್ರತಿಯನ್ನು ನದಿಗೆಸೆದುಬಿಟ್ಟರು. ಗೆಳೆಯರು ಹಾಹಾಕಾರ ಮಾಡಿದರೂ ಹೊಳೆಯಲ್ಲಿ ಚದುರಿದ ಹಾಳೆಗಳನ್ನು ಯಾರೂ ಮರಳಿ ತರಲಾಗಲಿಲ್ಲ.

ಈ ಪ್ರಸಂಗವನ್ನು ಶೃಂಗಾರದಿಂದ ವೈರಾಗ್ಯಕ್ಕೆ ಹೊರಳಿದ ಕಥೆಯೆಂದಷ್ಟೇ ಓದುವುದು ಸಾಲದು. ಕವಿ ತಾವೇ ಕೊಡುವ ಕಾರಣ ಬೇರೆ: ಒಂದು ಸುಳ್ಳಿಗೇ ನರಕವುಂಟೆಂದಾದರೆ, ಕಲ್ಪಿತ ಮಾತುಗಳನ್ನೇ ಪೋಣಿಸಿದ ತಮ್ಮ ಗತಿಯೇನು? ಅಂದರೆ ಅವರನ್ನು ಕಾಡಿದ್ದು ಸತ್ಯವ್ರತದ ಪ್ರಶ್ನೆ. ಕಾವ್ಯಕಲ್ಪನೆಯೂ ಅಸತ್ಯವೇ ಎಂಬ ಈ ಪ್ರಶ್ನೆ ಸಾಹಿತ್ಯಮೀಮಾಂಸೆಗೂ ಸಲ್ಲತಕ್ಕದ್ದು.

ಬನಾರಸೀದಾಸರು ಬರವಣಿಗೆಯನ್ನು ಬಿಡಲಿಲ್ಲ. ದಕ್ಷಿಣದ ಆಚಾರ್ಯ ಕುಂದಕುಂದರ 'ಸಮಯಸಾರ'ದ ಪರಂಪರೆಯನ್ನು ಆಧರಿಸಿ 'ಸಮಯಸಾರ ನಾಟಕ'ವನ್ನು ರಚಿಸಿದರು. 1641ರಲ್ಲಿ, 55ರ ವಯಸ್ಸಿನಲ್ಲಿ, 'ಅರ್ಧಕಥಾನಕ'ವನ್ನು ಬರೆದರು. ಮನುಷ್ಯಾಯುಷ್ಯವನ್ನು 110 ವರ್ಷವೆಂದೆಣಿಸಿ, ಇದು ಅರ್ಧ ಬದುಕಿನ ಕಥೆಯೆಂದು ಹೆಸರಿಟ್ಟರು. ವ್ಯಾಪಾರದ ನಷ್ಟ, ಯೌವನದ ಚಪಲ, ಮಕ್ಕಳ ಸಾವು, ತಮ್ಮ ಗುಣದೋಷಗಳು ಎಲ್ಲವೂ ಅದರಲ್ಲಿವೆ. ಹಿಂದಿಯ ಮೊದಲ ಆತ್ಮಕಥೆಯೆಂದು ಅದಕ್ಕೆ ಮನ್ನಣೆಯಿದೆ. ಕಲ್ಪಿತವೆಂದು ಒಂದು ಕೃತಿಯನ್ನು ತ್ಯಜಿಸಿದ ಕವಿ, ನಡೆದುದನ್ನೇ ವಸ್ತುವಾಗಿಸಿದ ಇನ್ನೊಂದು ಕೃತಿಯಿಂದ ಆ ಪ್ರಶ್ನೆಗೆ ಉತ್ತರ ಕೊಟ್ಟರೆಂದು ನಾನು ಭಾವಿಸುತ್ತೇನೆ.

ಮುನೀಮ್ ಖಾನನ ಸೇತುವೆ ಸೈನ್ಯಕ್ಕೂ ಸರಕಿಗೂ ದಾರಿಯಾಗಿದ್ದಂತೆಯೇ ಗೆಳೆಯರು ಕುಳಿತು ಕಾವ್ಯ ಓದುವ ತಾಣವೂ ಆಗಿತ್ತು. ಈ ಸಂಗತಿಯನ್ನು ನಮಗೆ ಉಳಿಸಿಕೊಟ್ಟದ್ದು ಒಬ್ಬ ಜೈನ ವರ್ತಕನ ಆತ್ಮಕಥೆ. ಮಧ್ಯಕಾಲದ ನಗರಜೀವನವನ್ನು ಅಭ್ಯಸಿಸುವವರು ಶಾಸನದ ಪಕ್ಕದಲ್ಲಿ ಇಂತಹ ಗ್ರಂಥವನ್ನೂ ಇಟ್ಟು ಓದಬೇಕು.