ಟೆಕ್ನೋ: ಡೇನರ ಎರಕದ ಬಂಡಿಗಳು

ಮಕ್ಕಳ ಆಟದ ಸಾಮಾನನ್ನು ಅಲ್ಪವೆಂದೆಣಿಸುವುದು ಲೋಕರೂಢಿ. ಆದರೆ ಒಂದು ನಾಡಿನ ಬೀದಿಗಳಲ್ಲಿ ಯಾವ ಯಾವ ವಾಹನಗಳು ಸಂಚರಿಸುತ್ತಿದ್ದವು, ಅವುಗಳಲ್ಲಿ ಯಾವುದು ಜನರ ಅಭಿಮಾನಕ್ಕೆ ಪಾತ್ರವಾಗಿದ್ದಿತು ಎಂಬುದನ್ನು ಅರಿಯಬೇಕಾದರೆ, ಸರಕಾರದ ದಫ್ತರಗಳಿಗಿಂತ ಮಕ್ಕಳ ಪೆಟ್ಟಿಗೆಯೇ ಕೆಲವೊಮ್ಮೆ ಹೆಚ್ಚು ನೆರವಾಗುತ್ತದೆ. ಡೆನ್ಮಾರ್ಕಿನ ಟೆಕ್ನೋ ಕಾರ್ಖಾನೆಯ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1901ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು, ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಜೋಡಿಸುವ ಆಟವೊಂದಕ್ಕೆ ಪೇಟೆಂಟ್ ಪಡೆದನು. ಮೆಕಾನೋ ಎಂಬ ಹೆಸರಿನಿಂದ ಅದು ಯುರೋಪಿನಲ್ಲೆಲ್ಲ ಪ್ರಸಿದ್ಧವಾಯಿತು. ಅದೇ ಜಾತಿಯ ಜೋಡಣೆಯ ಸಾಮಾನುಗಳನ್ನು ಕೋಪನ್‌ಹೇಗನ್ ನಗರದ ಆಂಡ್ರಿಯಾಸ್ ಸೀಗುಮ್‌ಫೆಲ್ಟನು 1928ರಲ್ಲಿ ತಯಾರಿಸಲಾರಂಭಿಸಿದನು. ಟೆಕ್ನೋವಿನ ಹುಟ್ಟು ಹೀಗೆ ಸಾಮಾನ್ಯವಾದುದೇ. ಅದಕ್ಕೆ ಸ್ವಂತ ಮುಖವನ್ನು ಕೊಟ್ಟುದು ಫಾಲ್ಕ್ ರಕ್ಷಣಾ ದಳ.

1884ರಲ್ಲಿ ಕೋಪನ್‌ಹೇಗನ್ನಿನ ಕ್ರಿಸ್ಟಿಯಾನ್ಸ್‌ಬೋರ್ಗ್ ಅರಮನೆಯು ಬೆಂಕಿಗೆ ಆಹುತಿಯಾಯಿತು. ಅಲ್ಲಿ ರಕ್ಷಣೆಯ ಕೆಲಸಕ್ಕೆ ಕೈಜೋಡಿಸಿದ್ದ ತರುಣ ಸೋಫುಸ್ ಫಾಲ್ಕನು, ಆ ಅನುಭವವನ್ನು ಮರೆಯದೆ 1906ರಲ್ಲಿ ರಕ್ಷಣಾ ದಳವೊಂದನ್ನು ಸ್ಥಾಪಿಸಿದನು. ಬೆಂಕಿಯನ್ನಾರಿಸುವುದು, ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುವುದು ಮುಂತಾದ ಕಾರ್ಯಗಳನ್ನು ಈ ಖಾಸಗಿ ಸಂಸ್ಥೆಯು ಡೆನ್ಮಾರ್ಕಿನ ಅನೇಕ ಊರುಗಳಲ್ಲಿ ವಹಿಸಿಕೊಂಡಿತು. ಟೆಕ್ನೋ ಕಾರ್ಖಾನೆಯು ಫಾಲ್ಕ್ ವಾಹನಗಳನ್ನು ಮೊದಲು ತಗಡಿನಲ್ಲಿ ರೂಪಿಸಿತು. ನಿಜವಾದ ಬಂಡಿಯು ಗಂಟೆ ಬಾರಿಸುತ್ತ ಧಾವಿಸುವುದನ್ನು ಕಿಟಕಿಯಿಂದ ಕಂಡ ಮಗುವಿಗೆ, ಅದರ ಪ್ರತಿರೂಪವು ಅಂಗೈಗೆ ದೊರೆಯಿತು.

ಎರಡನೆಯ ಮಹಾಯುದ್ಧದ ತರುವಾಯ ತಗಡಿನ ಸ್ಥಾನವನ್ನು ಎರಕವು ಆಕ್ರಮಿಸಿತು. ಸತುವಿಗೆ ನೂರಕ್ಕೆ ಸುಮಾರು 4 ಭಾಗ ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹವು ಸುಮಾರು 385 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಅದನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸಿದರೆ, ದೀಪ, ಬಾಗಿಲು, ಮುಂಜಾಲರಿಗಳ ಸೂಕ್ಷ್ಮ ರೇಖೆಗಳೂ ಮೂಡುತ್ತವೆ. ಲೋಹದಲ್ಲಿ ಸೀಸವು ಕೊಂಚ ಬೆರೆತರೂ ಕೇಡು. ವರ್ಷಗಳು ಕಳೆದಂತೆ ಆಟಿಕೆಯು ಬಿರಿದು ಪುಡಿಯಾಗುವುದುಂಟು.

ಈ ವಿದ್ಯೆಯಲ್ಲಿ ಲೋಹಕ್ಕಿಂತ ಅಚ್ಚಿಗೆ ತಗಲುವ ವೆಚ್ಚವೇ ಭಾರವಾದುದು. ಲಕ್ಷಗಟ್ಟಲೆ ಮಾರಾಟವಾದರೆ ಅದು ಸುಲಭವಾಗಿ ಹುಟ್ಟುತ್ತದೆ. ಆದರೆ 1960ರಲ್ಲಿ ಡೆನ್ಮಾರ್ಕಿನ ಜನಸಂಖ್ಯೆಯು 46 ಲಕ್ಷಕ್ಕೂ ಕಡಿಮೆಯಿದ್ದಿತು. ಇಷ್ಟು ಚಿಕ್ಕ ಪೇಟೆಯಲ್ಲಿ ಒಂದೇ ಅಚ್ಚನ್ನು ಹಲವು ಬಗೆಯಲ್ಲಿ ಉಪಯೋಗಿಸುವುದು ಅಗತ್ಯವಾಯಿತು. ಫೋಕ್ಸ್‌ವ್ಯಾಗನ್ ವ್ಯಾನಿನ ಒಂದೇ ಆಕಾರವು ಬಣ್ಣವನ್ನೂ ಬರಹವನ್ನೂ ಬದಲಿಸಿ ನಾನಾ ವ್ಯಾಪಾರಿಗಳ ವಾಹನವಾಯಿತು. ಕಾರ್ಲ್ಸ್‌ಬರ್ಗ್, ಟುಬೋರ್ಗ್ ಎಂಬ ಡೇನಿಷ್ ಬಿಯರುಗಳ ಲಾರಿಗಳೂ, ನೆರೆಯ ಸ್ವೀಡನ್ನಿನ ವೋಲ್ವೋ ಮತ್ತು ಸ್ಕಾನಿಯಾ-ವಾಬಿಸ್ ವಾಹನಗಳೂ ಹೊರಬಂದವು. ಮಿತವ್ಯಯಕ್ಕಾಗಿ ಹೂಡಿದ ಉಪಾಯವೇ, ಉತ್ತರ ಯುರೋಪಿನ ಬೀದಿಗಳ ವರ್ಣಚಿತ್ರವನ್ನು ಮುಂದಿನವರಿಗಾಗಿ ಉಳಿಸಿಕೊಟ್ಟಿತು.

ಆದರೆ ಕಾಲವು ಅನುಕೂಲವಾಗಿ ಉಳಿಯಲಿಲ್ಲ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯು ಹಾಟ್ ವೀಲ್ಸ್ ಎಂಬ ಅತಿವೇಗದ ಚಿಕ್ಕ ಕಾರುಗಳನ್ನು ಪೇಟೆಗೆ ತಂದಿತು. ಮಕ್ಕಳ ಮನಸ್ಸು ಅಂದದಿಂದ ವೇಗದ ಕಡೆಗೆ ತಿರುಗಿತು. 1970ರ ದಶಕದ ಆದಿಯಲ್ಲಿ ಡೆನ್ಮಾರ್ಕಿನಲ್ಲಿ ಟೆಕ್ನೋ ತಯಾರಿಕೆಯು ನಿಂತು, ಹೆಸರು ಹಾಲೆಂಡಿನವರ ಕೈಸೇರಿತು. ದೊಡ್ಡ ದೇಶದ ದೊಡ್ಡ ಕಾರ್ಖಾನೆಗಳಿಗೂ ಇಂಥ ಗತಿ ತಪ್ಪಲಿಲ್ಲ: ಲಿವರ್‌ಪೂಲಿನ ಡಿಂಕಿ ಕಾರ್ಖಾನೆಯು 1979ರಲ್ಲಿ ಮುಚ್ಚಿತು; ಮ್ಯಾಚ್‌ಬಾಕ್ಸ್ ತಯಾರಿಸುತ್ತಿದ್ದ ಲಂಡನ್ನಿನ ಲೆಸ್ನಿ ಸಂಸ್ಥೆಯು 1982ರಲ್ಲಿ ದಿವಾಳಿಯಾಯಿತು.

ಹಾಲೆಂಡಿನಲ್ಲಿ ಟೆಕ್ನೋ ಹೆಸರು ಅಳಿಯದೆ, ನಿಜರೂಪದ 50ನೆಯ ಒಂದು ಪ್ರಮಾಣದ ಲಾರಿಗಳ ಮೇಲೆ ಮುಂದುವರಿಯಿತು. ಸರಕು ಸಾಗಣೆಯ ಸಂಸ್ಥೆಗಳ ಬಣ್ಣ ಬರಹಗಳನ್ನು ತೊಟ್ಟ ಆ ಲಾರಿಗಳು ಸಂಗ್ರಾಹಕರ ಗಾಜಿನ ಬೀರುವನ್ನು ಸೇರಿದವು. ಬೀದಿಯ ಬಂಡಿಯನ್ನು ಅದರ ಸ್ವಂತ ಬಣ್ಣದಲ್ಲಿಯೇ ತೋರಿಸುವ ಡೇನರ ಪದ್ಧತಿಯು ಹೀಗೆ ಉಳಿಯಿತು. ಆದರೆ ಅದನ್ನು ನೆಲದ ಮೇಲೆ ಉರುಳಿಸುತ್ತಿದ್ದ ಮಗುವಿನ ಕೈಯಿಂದ ಮಾತ್ರ ದೂರವಾಯಿತು.